ಬಾವಿಯ ಬಂಡೆಯನ್ನು ಕೊರೆಯುವ ಗಾಳಿ ಬೈರಿಗೆ

ಕೋಲಾರ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಬಾವಿ ತೋಡಿಸುವವರಿಗೆ ಮೇಲ್ಮಣ್ಣಿನ ಕೆಳಗೆ ಗಟ್ಟಿ ಬಂಡೆಯು ಎದುರಾಗುವುದು ಸರ್ವವಿದಿತವಾದ ಸಂಗತಿ. ಅಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ನಿಲ್ಲುವುದರಿಂದ ಬಾವಿಯನ್ನು ಆಳಗೊಳಿಸುವುದು ಅನಿವಾರ್ಯವಾಗುತ್ತದೆ. ಉಳಿ ಸುತ್ತಿಗೆಗಳಿಂದ ದಿನಗಟ್ಟಲೆ ಹಿಡಿಯುವ ಕುಳಿಗಳನ್ನು ಗಾಳಿ ಬೈರಿಗೆಯು ಸ್ವಲ್ಪ ಕಾಲದಲ್ಲಿಯೇ ಕೊರೆಯಬಲ್ಲುದು.

ಕಂಪ್ರೆಸರ್ ಯಂತ್ರವು ಗಾಳಿಯನ್ನು ಚದರ ಅಂಗುಲಕ್ಕೆ ಸುಮಾರು 90 ಪೌಂಡಿನ ಒತ್ತಡಕ್ಕೆ ತಂದು ರಬ್ಬರು ಕೊಳವೆಯ ಮೂಲಕ ಕಳುಹಿಸುತ್ತದೆ. ಬೈರಿಗೆಯೊಳಗಿನ ಪಿಸ್ಟನ್ನು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಪೆಟ್ಟುಗಳನ್ನು ಕೊಡುತ್ತ ಉಕ್ಕಿನ ಸಲಾಕೆಯನ್ನು ತಿರುಗಿಸುತ್ತದೆ. ಸಲಾಕೆಯ ನಡುವಣ ರಂಧ್ರದಿಂದ ಬರುವ ಗಾಳಿಯು ಕುಳಿಯ ಪುಡಿಯನ್ನು ಹೊರದೂಡುತ್ತದೆ.

ಕೊಳವೆಯನ್ನು ಜೋಡಿಸುವ ಮುನ್ನ ಅದರೊಳಗಿನ ಮಣ್ಣು ಮರಳು ಹೋಗುವಂತೆ ಗಾಳಿ ಬಿಡತಕ್ಕದ್ದು. ಎಣ್ಣೆಯ ಬುಡ್ಡಿಯಲ್ಲಿ ಬೈರಿಗೆಗೆಂದೇ ತಯಾರಾದ ಎಣ್ಣೆಯು ಸದಾ ಇರತಕ್ಕದ್ದು. ಎಣ್ಣೆಯಿಲ್ಲದೆ ನಡೆಸಿದರೆ ಪಿಸ್ಟನ್ನು ಬಹುಬೇಗ ಸವೆಯುವುದು. ಗಾಳಿಯ ತೊಟ್ಟಿಯಲ್ಲಿ ಸೇರುವ ನೀರನ್ನು ಪ್ರತಿದಿನವೂ ಹೊರಬಿಡುವುದು ಅವಶ್ಯಕ. ಮೊಂಡಾದ ಮೊನೆಯನ್ನು ಸಾಣೆಗೆ ಕೊಡಬೇಕು; ಬುಡ ಚಕ್ಕೆಯೆದ್ದ ಸಲಾಕೆಯನ್ನು ಬಳಸಕೂಡದು, ಅದು ಪಿಸ್ಟನ್ನನ್ನೇ ಕೆಡಿಸುತ್ತದೆ. ಮೊನೆಯು ಬಂಡೆಗೆ ತಾಗದಿರುವಾಗ ಯಂತ್ರವನ್ನು ಬರಿದೆ ಓಡಿಸುವುದೂ ಹಾನಿಕರ. ಕೊಳವೆಯನ್ನು ಬಿಚ್ಚುವ ಮೊದಲು ಗಾಳಿಯನ್ನು ನಿಲ್ಲಿಸಿ ಒಳಗುಳಿದುದನ್ನು ಹೊರಬಿಡಬೇಕು. ಒತ್ತಡದಲ್ಲಿ ಕಳಚಿದ ಕೊಳವೆಯು ಚಾವಟಿಯಂತೆ ಬಡಿದು ಮನುಷ್ಯನನ್ನು ಕೆಡವಬಲ್ಲುದು.

ಯಂತ್ರ ಕೆಟ್ಟರೆ ಸರಿಪಡಿಸಬಹುದು. ಆಳಿನ ಶ್ವಾಸಕೋಶವು ಕೆಟ್ಟರೆ ಸರಿಪಡಿಸಲಾಗದು. ಬಂಡೆಯ ನುಣುಪಾದ ಧೂಳು ಎದೆಯೊಳಗೆ ಸೇರಿ ಸಿಲಿಕೋಸಿಸ್ ಎಂಬ ವ್ಯಾಧಿಯನ್ನು ತರುತ್ತದೆ. ಅದನ್ನು ವಾಸಿಮಾಡುವ ಔಷಧವಿಲ್ಲ. ಮೂಗಿಗೆ ಕಟ್ಟಿದ ವಸ್ತ್ರವು ಇದನ್ನು ತಡೆಯಲಾರದು. ಆದುದರಿಂದ ನೀರು ಹಾಯಿಸುತ್ತ ಕೊರೆಯುವ ಬೈರಿಗೆಯನ್ನೇ ಬಾಡಿಗೆಗೆ ತರಿಸುವುದು ಶ್ರೇಯಸ್ಕರ. ಅದರೊಡನೆ ಧೂಳುರೋಧಕ ಮುಖವಾಡವನ್ನೂ ಆಳಿಗೆ ಕೊಡಿಸತಕ್ಕದ್ದು. ಕಂಪ್ರೆಸರನ್ನು ಬಾವಿಯ ದಡದಿಂದ ದೂರದಲ್ಲಿ, ಅದರ ಹೊಗೆಯು ಬಾವಿಯ ಕಡೆಗೆ ಬೀಸದಂತೆ ನಿಲ್ಲಿಸಬೇಕು. ಆ ಹೊಗೆಯಲ್ಲಿರುವ ವಿಷವಾಯುವು ಬಾವಿಯೊಳಗೆ ತುಂಬಿ ಪ್ರಾಣಾಪಾಯವನ್ನುಂಟುಮಾಡಬಹುದು.

ಹಿಂದೆ ಸಿಡಿಸಿದ ಕುಳಿಯ ಬುಡದಲ್ಲಿ ಬೈರಿಗೆಯನ್ನು ಎಂದಿಗೂ ಇಡಕೂಡದು. ಅಲ್ಲಿ ಸಿಡಿಯದ ಮದ್ದು ಉಳಿದಿರುವ ಸಂಭವವುಂಟು. ಸಿಡಿಸುವ ಕೆಲಸವನ್ನು 2008ನೆಯ ಇಸವಿಯ ಸ್ಫೋಟಕಗಳ ನಿಯಮಗಳಿಗನುಸಾರವಾಗಿ ಪರವಾನಗಿಯುಳ್ಳವರಿಂದಲೇ ಮಾಡಿಸತಕ್ಕದ್ದು. ಸಿಡಿಸಿದ ಮೇಲೆ ಹೊಗೆಯು ಸಂಪೂರ್ಣವಾಗಿ ಹೋಗುವವರೆಗೆ ಯಾರನ್ನೂ ಕೆಳಗಿಳಿಸಬಾರದು.

ಗುತ್ತಿಗೆದಾರನಿಗೆ ಹಣ ಕೊಟ್ಟ ಮಾತ್ರಕ್ಕೆ ಜಮೀನುದಾರರ ಹೊಣೆಯು ತೀರುವುದಿಲ್ಲ. ಗ್ರಾಮದ ಯಜಮಾನರು ಕೆಲಸ ಪ್ರಾರಂಭವಾಗುವ ದಿನ ಸ್ವತಃ ಬಾವಿಯ ಬಳಿಗೆ ಹೋಗಿ, ನೀರು, ಮುಖವಾಡ, ಕೊಳವೆಯ ಜೋಡಣೆ ಇವುಗಳನ್ನು ನೋಡಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡಿಸುವುದು ಉಚಿತ. ಬಾವಿಗೆ ನೀರು ಬಂದ ದಿನ ಅದನ್ನು ಕೊರೆದವನೂ ಆರೋಗ್ಯದಿಂದ ದಡದಲ್ಲಿ ನಿಂತಿರಬೇಕು.