ಒಂದು ಚುಕ್ಕಿಗಾಗಿ ಎರಡು ರಾತ್ರಿ

ನಾನಾಗ ದ್ವಿತೀಯ ಪಿಯುಸಿ. 2017ರ ಸೆಪ್ಟೆಂಬರ್ 1ರಂದು ಫ್ಲಾರೆನ್ಸ್ ಎಂಬ ಕ್ಷುದ್ರಗ್ರಹ ಭೂಮಿಯ ಹತ್ತಿರ ಹಾದುಹೋಗುತ್ತದೆ ಎಂದು ಓದಿದ್ದೇ ತಡ, ಅದರ ಫೋಟೊ ತೆಗೆಯುವ ಹುಚ್ಚು ಹತ್ತಿತು. ಮದುವೆ ಫೋಟೊಗ್ರಾಫರ್ ಆಗಿರುವ ಸೋದರಮಾವನ ಬಳಿ ಕ್ಯಾಮೆರಾ ಕೇಳಿದೆ. ‘ಭಾನುವಾರ ಮದ್ವೆ ಐತೆ. ಬೆಳಿಗ್ಗೆ ಆರಕ್ಕೆ ಕ್ಯಾಮೆರಾ ನನ್ ಕೈಲಿರ್ಬೇಕು’ ಅಂದರು ಮಾವ. ಅಂದರೆ ನನಗಿದ್ದದ್ದು ಎರಡೇ ರಾತ್ರಿ.

‘ಹತ್ತಿರ’ ಅಂದರೆ ಎಷ್ಟು ಗೊತ್ತೇ? 70 ಲಕ್ಷ ಕಿಲೊಮೀಟರ್! ಚಂದ್ರನಿಗಿಂತ ಸುಮಾರು 18 ಪಟ್ಟು ದೂರ. ಅದರ ಗಾತ್ರವೋ ನಾಲ್ಕೂವರೆ ಕಿಲೊಮೀಟರ್ ಆಸುಪಾಸು. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ.

ಶಟರ್ ಹೆಚ್ಚು ಹೊತ್ತು ತೆರೆದಿಟ್ಟರಾಯಿತು ಅಂದುಕೊಂಡೆ. ಶುಕ್ರವಾರ ರಾತ್ರಿ ಅರ್ಧ ನಿಮಿಷ ತೆರೆದಿಟ್ಟರೆ ನಕ್ಷತ್ರಗಳೆಲ್ಲ ಗೆರೆಗಳಾದವು. ಭೂಮಿ ತಿರುಗುತ್ತದಲ್ಲ! ಆಕಾಶದ ಜೊತೆಗೇ ತಿರುಗುವ ಸ್ಟ್ಯಾಂಡ್ ಇದ್ದವರಿಗೂ ಪೇಚಾಟ ತಪ್ಪಿದ್ದಲ್ಲ. ಆಗ ನಕ್ಷತ್ರಗಳು ನಿಲ್ಲುತ್ತವೆ, ಕ್ಷುದ್ರಗ್ರಹ ಜಾರುತ್ತದೆ. ಅದರ ಬೆಳಕು ಒಂದೆಡೆ ಕೂಡಿಕೊಳ್ಳದೆ ಹರಡಿ ಮಂಕಾಗುತ್ತದೆ. ಅಷ್ಟರಲ್ಲಿ ಮೋಡ ಕವಿಯಿತು.

ಶನಿವಾರ ಹನ್ನೊಂದರವರೆಗೂ ಮೋಡ. ಆಮೇಲೆ ಬಾನು ತೆರೆದರೂ ಚಂದ್ರನ ಬೆಳಕಿನ ಕಾಟ. ಧನಿಷ್ಠಾ ನಕ್ಷತ್ರದ ಕಡೆಗೆ ಕ್ಯಾಮೆರಾ ತಿರುಗಿಸಿ ಐದೈದು ಸೆಕೆಂಡಿನ ಫೋಟೊಗಳನ್ನು ತೆಗೆದೆ. ಒಂದು ಗಂಟೆ ಕಾದು ಮತ್ತೆ ಅದೇ ಜಾಗ. ಅಷ್ಟರಲ್ಲಿ ಫ್ಲಾರೆನ್ಸ್ ಹುಣ್ಣಿಮೆ ಚಂದ್ರನ ಮುಕ್ಕಾಲು ಅಗಲದಷ್ಟು ಸರಿದಿರಬೇಕು.

ಕಂಪ್ಯೂಟರಿನಲ್ಲಿ ಎರಡು ಫೋಟೊಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದೆ. ನೂರಾರು ಚುಕ್ಕಿ, ಎಲ್ಲವೂ ಒಂದೇ ಥರ. ನಾನು ಕೈಚೆಲ್ಲಿದ್ದೆ. ನಿದ್ದೆಗಣ್ಣಲ್ಲಿ ಎದ್ದು ಬಂದ ತಂಗಿ ಬೆರಳಿಟ್ಟು ತೋರಿಸಿದಳು: ‘ಅಣ್ಣಾ, ಇದೊಂದು ಜರುಗ್ತಾ ಐತೆ ನೋಡು.’

ಆರಕ್ಕೆ ಸರಿಯಾಗಿ ಬಂದ ಮಾವ ಚುಕ್ಕಿ ನೋಡಿ ನಕ್ಕರು. ‘ಇದಕ್ಕಾ ಎರಡು ರಾತ್ರಿ ನಿದ್ದೆಗೆಟ್ಟಿದ್ದು?’

ನಾನು 2013ರ ಕಥೆ ಹೇಳಿದೆ. ಆ ವರ್ಷ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಬಂಡೆ ಸಿಡಿದು, ಕಿಟಕಿ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಸೂರ್ಯನ ದಿಕ್ಕಿನಿಂದ ಬಂದದ್ದರಿಂದ ಮೊದಲೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜರುಗುವ ಚುಕ್ಕಿಯನ್ನು ಹುಡುಕುವುದು ಬರೀ ಹುಚ್ಚಲ್ಲ.

2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕ್ಷುದ್ರಗ್ರಹ 32 ಸಾವಿರ ಕಿಲೊಮೀಟರ್ ಅಂತರದಲ್ಲಿ ಹಾದುಹೋಗಲಿದೆ. ಡಿಕ್ಕಿಯ ಭಯವಿಲ್ಲ. ಅವತ್ತು ಮಾತ್ರ ಯಾವ ಮದುವೆಯನ್ನೂ ಒಪ್ಪಿಕೊಳ್ಳಬೇಡಿ ಎಂದು ಮಾವನಿಗೆ ಈಗಲೇ ಹೇಳಿಟ್ಟಿದ್ದೇನೆ.