ಗ್ಲುಟೆನ್ ರಹಿತ ಹಿಟ್ಟಿನ ಮಿಶ್ರಣ: ಮನೆಯಲ್ಲಿ ತಯಾರಿಕೆ ಹಾಗೂ ಮಾರಾಟದ ಕುರಿತು ಮಾಹಿತಿ

ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿರುವ ಒಂದು ಬಗೆಯ ಪ್ರೋಟೀನಿಗೆ ಗ್ಲುಟೆನ್ ಎಂದು ಹೆಸರು. ಸೀಲಿಯಾಕ್ ರೋಗವುಳ್ಳವರ ಸಣ್ಣ ಕರುಳಿಗೆ ಇದರಿಂದ ಹಾನಿಯಾಗುತ್ತದೆ. ಗೋಧಿಯಿಂದ ತಯಾರಾಗುವ ಮೈದಾ ಹಾಗೂ ರವೆಯೂ ಇವರಿಗೆ ವರ್ಜ್ಯ. ಅಕ್ಕಿ, ರಾಗಿ, ಜೋಳ, ಸಜ್ಜೆ ಮತ್ತು ನವಣೆಗಳಲ್ಲಿ ಸ್ವಾಭಾವಿಕವಾಗಿ ಗ್ಲುಟೆನ್ ಇರುವುದಿಲ್ಲ.

1. ಮಿಶ್ರಣದ ಪ್ರಮಾಣ (1 ಕಿ.ಗ್ರಾಂ.ಗೆ)
ಅಕ್ಕಿ ಹಿಟ್ಟು 500 ಗ್ರಾಂ, ಜೋಳ ಅಥವಾ ರಾಗಿ ಹಿಟ್ಟು 250 ಗ್ರಾಂ, ಕಾರ್ನ್‌ಫ್ಲೋರ್ 250 ಗ್ರಾಂ. ಇವುಗಳನ್ನು ಒಟ್ಟಿಗೆ ಎರಡು ಬಾರಿ ಜರಡಿ ಹಿಡಿಯುವುದು. ಈ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲದಿರುವುದರಿಂದ, ಬ್ರೆಡ್ ತಯಾರಿಸುವಾಗ ಪ್ರತಿ 100 ಗ್ರಾಂ ಮಿಶ್ರಣಕ್ಕೆ 5 ಗ್ರಾಂ ಇಸಬ್ಗೋಲ್ ಹೊಟ್ಟು ಸೇರಿಸಿ, ಕಲಸಿದ ನಂತರ 30 ನಿಮಿಷ ನೆನೆಯಲು ಬಿಡುವುದು.

2. ವಿಶೇಷ ಸೂಚನೆ
ಗೋಧಿ ಬೀಸುವ ಗಿರಣಿಯಲ್ಲಿಯೇ ಈ ಧಾನ್ಯಗಳನ್ನು ಬೀಸಿಸಿದಲ್ಲಿ, ಯಂತ್ರದಲ್ಲಿ ಉಳಿದಿರುವ ಗೋಧಿ ಹಿಟ್ಟು ಇವುಗಳೊಂದಿಗೆ ಬೆರೆಯುತ್ತದೆ. ಕಣ್ಣಿಗೆ ಕಾಣದಷ್ಟು ಅಂಶವೂ ರೋಗಿಗೆ ಅಪಾಯಕರ. ಬೇಯಿಸುವುದರಿಂದ ಅದು ನಾಶವಾಗುವುದಿಲ್ಲ. ಆದುದರಿಂದ ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ, ಗೋಧಿಗೆ ಬಳಸದ ಮಿಕ್ಸಿ ಅಥವಾ ಗಿರಣಿಯಲ್ಲಿಯೇ ಹಿಟ್ಟು ಮಾಡತಕ್ಕದ್ದು. ಜರಡಿ ಮತ್ತು ಡಬ್ಬಿಗಳನ್ನೂ ಪ್ರತ್ಯೇಕವಾಗಿ ಇಡತಕ್ಕದ್ದು.

3. ಮಾರಾಟ ಮಾಡುವವರಿಗೆ
ಮನೆಯಿಂದ ಮಾರಾಟ ಮಾಡುವವರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಮೇರೆಗೆ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ. "ಗ್ಲುಟೆನ್ ರಹಿತ" ಎಂದು ನಮೂದಿಸುವ ಆಹಾರದಲ್ಲಿ ಗ್ಲುಟೆನ್ ಪ್ರಮಾಣವು ಪ್ರತಿ ಕಿ.ಗ್ರಾಂ.ಗೆ 20 ಮಿ.ಗ್ರಾಂ ಮೀರುವಂತಿಲ್ಲ. ಪ್ರಯೋಗಾಲಯದ ಪರೀಕ್ಷೆಯ ಹೊರತು ಇದನ್ನು ತಿಳಿಯಲು ಸಾಧ್ಯವಿಲ್ಲ. ಪರೀಕ್ಷೆ ಮಾಡಿಸದೆ ಲೇಬಲ್‌ನಲ್ಲಿ ಹಾಗೆ ಮುದ್ರಿಸಬಾರದೆಂದು ಕೋರಲಾಗಿದೆ.