ಬಾನೆಟ್ಟಿನ ಅಡಿಯಲ್ಲಿರುವ ಸಾಕ್ಷ್ಯ



ಹಳೆಯ ಕಾರನ್ನು ಸರಿಮಾಡುವುದು ಅಂದರೆ ಏನು? ತೊಳೆದು, ಬಣ್ಣ ಹೊಡೆದು, ಪಳಪಳ ಹೊಳೆಯುವಂತೆ ಮಾಡೋದು ಅಂತ ನಿಮ್ಮಲ್ಲಿ ಹೆಚ್ಚಿನವರು ಹೇಳಬಹುದು. ಆದರೆ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಜೋಪಾನ ಮಾಡುವವರು ಇದನ್ನು ಒಪ್ಪುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಕಾರು ಹೇಗಿತ್ತೋ ಹಾಗೇ ಇರಬೇಕು, ಅದಕ್ಕಿಂತ ಹೆಚ್ಚು ಹೊಳೆದರೂ ತಪ್ಪೇ ಅನ್ನುವುದು ಅವರ ಹಟ. ಈ ಕೆಲಸದಲ್ಲಿ ನೀವು ತರಗತಿಯಲ್ಲಿ ಕಲಿಯುವ ರಸಾಯನಶಾಸ್ತ್ರ, ವಿದ್ಯುತ್ತು, ಗಣಿತ ಮೂರೂ ಬೇಕು. ಒಂದು ಉದಾಹರಣೆ ನೋಡೋಣ.

ಬ್ರಿಟನ್ನಿನ ಜಾಗ್ವಾರ್ ಕಂಪನಿ 1961ರ ಮಾರ್ಚಿಯಲ್ಲಿ ಜಿನೀವಾದಲ್ಲಿ 'ಇ-ಟೈಪ್' ಎಂಬ ಕಾರನ್ನು ಜಗತ್ತಿಗೆ ತೋರಿಸಿತು. ಅದರ ಉದ್ದನೆಯ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆಗ ಇಡೀ ಎಂಜಿನ್ನು ಕಣ್ಣೆದುರಿಗೆ ಬರುತ್ತದೆ. ಹಾಗಾಗಿ ಅಲ್ಲಿ ಒಂದು ಬೋಲ್ಟು ಬದಲಾದರೂ ತಿಳಿದವರಿಗೆ ಗೊತ್ತಾಗಿಬಿಡುತ್ತದೆ.

ಮೊದಲು ನಂಬರು, ಆಮೇಲೆ ಸ್ಪ್ಯಾನರು

ಎಂಜಿನ್ ಇರುವ ಜಾಗದಲ್ಲೇ ಒಂದು ಲೋಹದ ಫಲಕವಿರುತ್ತದೆ. ಅದರಲ್ಲಿ ಕಾರಿನ ಸಂಖ್ಯೆ, ಎಂಜಿನ್ ಸಂಖ್ಯೆ ಮುಂತಾದವು ಇರುತ್ತವೆ. ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆ ಇದಕ್ಕೆ ಹೊಂದಿದರೆ ಅದು ಹುಟ್ಟಿನಿಂದಲೂ ಇದ್ದ ಎಂಜಿನ್ನು ಎನ್ನುವುದಕ್ಕೆ ಒಳ್ಳೆಯ ಸಾಕ್ಷ್ಯ. ಆ ಸಂಖ್ಯೆಯ ಕೊನೆಯಲ್ಲಿ 8 ಅಥವಾ 9 ಇದ್ದರೆ ಅದು ಸಂಪೀಡನ ಅನುಪಾತ. 9 ಅಂದರೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಪಿಸ್ಟನ್ ಒಂಬತ್ತನೇ ಒಂದು ಪಾಲಿಗೆ ಅದುಮುತ್ತದೆ ಎಂದರ್ಥ.

ಇನ್ನೊಂದು ಲೆಕ್ಕ ನೀವೇ ಮಾಡಿ. ಮೊದಲ ಇ-ಟೈಪಿಗೆ ಆರು ಸಿಲಿಂಡರು. ಒಂದೊಂದರ ವ್ಯಾಸ 8.7 ಸೆಂ.ಮೀ., ಪಿಸ್ಟನ್ ಓಡಾಡುವ ದೂರ 10.6 ಸೆಂ.ಮೀ. ಸಿಲಿಂಡರಿನ ಗಾತ್ರದ ಸೂತ್ರ ಗೊತ್ತಲ್ವಾ? ಅದನ್ನು ಹಾಕಿ, ಆರರಿಂದ ಗುಣಿಸಿ. ಉತ್ತರ ಸುಮಾರು 3781 ಘನ ಸೆಂ.ಮೀ. ಇದನ್ನೇ 3.8 ಲೀಟರ್ ಎಂಜಿನ್ ಅನ್ನುತ್ತಾರೆ.

ಕಬ್ಬಿಣದ ಮೇಲೆ ಗಾಜು

ಈ ಎಂಜಿನ್ನಿನ ಸಿಲಿಂಡರ್ ಹೆಡ್ಡಿಗೆ ಚಿನ್ನದ ಬಣ್ಣ ಬಳಿದಿದ್ದರು. ಅದರ ಮೇಲಿನ ಅಲ್ಯೂಮಿನಿಯಂ ಮುಚ್ಚಳಗಳಿಗೆ ಬಣ್ಣವಿಲ್ಲ, ಬರೀ ಪಾಲಿಶ್. ಸುಟ್ಟ ಅನಿಲ ಹೊರಹೋಗುವ ಎರಕದ ಕಬ್ಬಿಣದ ಕೊಳವೆಗಳಿಗೆ ಮಾತ್ರ ಕಪ್ಪು ಎನಾಮಲ್. ಯಾಕೆ? ಆ ಅನಿಲದ ಉಷ್ಣತೆ ನೂರಾರು ಡಿಗ್ರಿ. ಸಾಮಾನ್ಯ ಬಣ್ಣ ಸುಟ್ಟು ಉದುರಿಹೋಗುತ್ತದೆ. ಈ ಎನಾಮಲ್ ಅಂದರೆ ಲೋಹದ ಮೇಲೆ ಕರಗಿಸಿ ಅಂಟಿಸಿದ ಗಾಜು. ಅಜ್ಜಿಯ ಕಾಲದ ಎನಾಮಲ್ ಬಟ್ಟಲು ಮನೆಯಲ್ಲಿದ್ದರೆ ನೋಡಿ, ಅದೂ ಇದೇ ಜಾತಿ. ಬಿಸಿ ತಡೆಯುತ್ತದೆ, ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಧನವೋ ಋಣವೋ

ಇಂದಿನ ವಾಹನಗಳಲ್ಲಿ ಬ್ಯಾಟರಿಯ ಋಣ ಧ್ರುವವನ್ನು ಬಾಡಿಗೆ ಜೋಡಿಸುತ್ತಾರೆ. 3.8 ಲೀಟರಿನ ಇ-ಟೈಪಿನಲ್ಲಿ ಇದು ತಿರುವುಮುರುವು. ಬಾಡಿಗೆ ಸೇರಿದ್ದು ಧನ ಧ್ರುವ, ಬ್ಯಾಟರಿ ಚಾರ್ಜ್ ಮಾಡಲು ಡೈನಮೊ. 1964ರಲ್ಲಿ 4.2 ಲೀಟರ್ ಎಂಜಿನ್ ಬಂದಾಗ ಆಲ್ಟರ್ನೇಟರೂ ಋಣ ಧ್ರುವದ ಜೋಡಣೆಯೂ ಬಂದವು. ಇದನ್ನು ತಿಳಿಯದೆ ಹಳೆಯ ಕಾರಿಗೆ ಹೊಸ ಎಲೆಕ್ಟ್ರಾನಿಕ್ ಸಾಧನ ಜೋಡಿಸಿದರೆ ಅದು ಕ್ಷಣದಲ್ಲೇ ಸುಟ್ಟುಹೋಗಬಹುದು.

ಬೋಲ್ಟಿನ ಮೇಲಿನ ಪದರ

ಆ ಕಾಲದ ಬ್ರಿಟಿಷ್ ಕಾರುಗಳ ಅನೇಕ ಬೋಲ್ಟು, ಪಟ್ಟಿಗಳಿಗೆ ತುಕ್ಕು ಹಿಡಿಯದಂತೆ ಕ್ಯಾಡ್ಮಿಯಂ ಲೇಪ ಇರುತ್ತಿತ್ತು. ಅದೇ ಬಣ್ಣ, ಅದೇ ಮಂದ ಹೊಳಪು ಬೇಕೆಂದರೆ ಕ್ಯಾಡ್ಮಿಯಂ ಲೇಪವನ್ನೇ ಮತ್ತೆ ಕೊಡಿಸಬೇಕು. ಇಲ್ಲೇ ಕಷ್ಟ ಬರೋದು. ಕ್ಯಾಡ್ಮಿಯಂ ವಿಷ. ಜಪಾನಿನ ಜಿಂಟ್ಸು ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಅನ್ನದ ಮೂಲಕ ಜನರ ಮೈ ಸೇರಿ, ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ ಅವರು ನರಳಿದರು. ಆ ರೋಗಕ್ಕೆ 'ಇತಾಯ್-ಇತಾಯ್', ಅಂದರೆ 'ನೋವು, ನೋವು' ಎಂದೇ ಹೆಸರಾಯಿತು.

ಒಂದು ಕಾರು ಸರಿಯಾಗಿ ಕಾಣಲಿ ಅಂತ ಲೇಪದ ತೊಟ್ಟಿಯ ಪಕ್ಕ ನಿಂತು ದುಡಿಯುವವರನ್ನು, ಆ ನೀರು ಸೇರುವ ಹಳ್ಳವನ್ನು ಅಪಾಯಕ್ಕೆ ಒಡ್ಡಬಹುದೇ? ಬೇಡ ಅನ್ನುವುದು ನನ್ನ ಉತ್ತರ. ಸತುವಿನ ಲೇಪ ಸಾಕು. ಬಣ್ಣ ಸ್ವಲ್ಪ ಬೇರೆಯಾದೀತು. ಆದರೆ ಎಲ್ಲಿ ಏನು ಬದಲಿಸಿದೆವು ಎಂದು ಬರೆದಿಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲ.

ಬರೆದಿಡುವುದು ಕೆಲಸದ ಆರಂಭದಲ್ಲೂ ಮುಖ್ಯ. ಪಟ್ಟಿಯೊಂದನ್ನು ಬಿಚ್ಚಿದರೆ ಅದರ ಅಡಿಯಲ್ಲಿ ಎಣ್ಣೆ, ಶಾಖ ತಾಗದ ಮೂಲ ಬಣ್ಣ ಸಿಗಬಹುದು. ಅವಸರದಲ್ಲಿ ಉಜ್ಜಿ ತೆಗೆದರೆ ಆ ಸಾಕ್ಷ್ಯ ಹೋಯಿತು, ಮತ್ತೆ ಬರುವುದಿಲ್ಲ. ಆದ್ದರಿಂದ ಮೊದಲು ನೋಡಿ, ಫೋಟೋ ತೆಗೆದು, ಬರೆದುಕೊಂಡು, ಆಮೇಲೆ ಕೈ ಹಾಕಬೇಕು. ಪ್ರಯೋಗಾಲಯದಲ್ಲೂ ನಾವು ಕಲಿಯುವುದು ಇದನ್ನೇ ಅಲ್ವಾ?

ಮಾಡಿ ನೋಡಿ

ಎರಡು ಕಬ್ಬಿಣದ ಮೊಳೆಗಳನ್ನು ಮರಳು ಕಾಗದದಿಂದ ಉಜ್ಜಿ. ಒಂದಕ್ಕೆ ಸತು ಲೇಪಿಸಿದ ಜಿ.ಐ. ತಂತಿಯನ್ನು ಬಿಗಿಯಾಗಿ ಸುತ್ತಿ. ಎರಡನ್ನೂ ಬೇರೆ ಬೇರೆ ಲೋಟದ ಉಪ್ಪುನೀರಿನಲ್ಲಿಟ್ಟು ಮೂರು ನಾಲ್ಕು ದಿನ ಗಮನಿಸಿ. ಯಾವ ಮೊಳೆಗೆ ತುಕ್ಕು ಕಡಿಮೆ? ಲೋಹಗಳ ಕ್ರಿಯಾಶೀಲತೆಯ ಸರಣಿಯಲ್ಲಿ ಸತುವೂ ಕಬ್ಬಿಣವೂ ಎಲ್ಲಿವೆ ಎಂದು ನೋಡಿ, ಕಾರಣವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ.